ಹಸಿ ಭತ್ತಕ್ಕೆ ಬೇಡ ಎಂದ ಕಸ್ತೂರೆಮ್ಮ

ಬೆಳಗಿನ ಆರು ಗಂಟೆಗೇ ಗೋದಾಮಿನ ಮುಂದೆ ನಾಲ್ಕು ಟ್ರ್ಯಾಕ್ಟರ್‌ಗಳು ಸಾಲಾಗಿ ನಿಂತಿವೆ. ಮೊದಲ ಟ್ರೇಲರ್ ಹತ್ತಿದ ಕಸ್ತೂರೆಮ್ಮ ಸೆರಗನ್ನು ಸೊಂಟಕ್ಕೆ ಬಿಗಿದು, ಕಬ್ಬಿಣದ ಕೊಳವೆಯನ್ನು ಚೀಲಕ್ಕೆ ಚುಚ್ಚುತ್ತಾರೆ. ಕೊಳವೆಯಲ್ಲಿ ಇಳಿದ ಹಿಡಿ ಭತ್ತವನ್ನು ತೇವಾಂಶ ಅಳೆಯುವ ಯಂತ್ರದ ಬಟ್ಟಲಿಗೆ ಸುರಿದು ಮುಚ್ಚಳ ತಿರುವುತ್ತಾರೆ. ಸುತ್ತ ನಿಂತವರು ಬಗ್ಗಿ ನೋಡುತ್ತಾರೆ. ಪುಟ್ಟ ಪರದೆಯ ಮೇಲೆ ಹದಿನಾರು ಪಾಯಿಂಟ್ ಎರಡು ಎಂಬ ಅಂಕಿ ಮೂಡುತ್ತದೆ.

"ಇನ್ನೊಂದು ಬಿಸಲು ಬೇಕ್ರಿ, ಯಜಮಾನ್ರ."

"ಮೋಡ ಆಗೇತಿ ನೋಡವಾ. ಎಲ್ಲಿ ಒಣಗಸ್ಲಿ?" ರೈತನ ದನಿಯಲ್ಲಿ ಸಿಟ್ಟಿದೆ.

"ಹಿಂದಿನ ಕಣ ಖಾಲಿ ಐತಿ, ಅಲ್ಲೇ ಹರವ್ರಿ. ಮಳಿ ಬಂದ್ರ ಅಕ್ಬರಣ್ಣ ತಾಡಪತ್ರಿ ಕೊಡ್ತಾನ. ಹದಿನಾಲ್ಕಕ್ಕ ಇಳಿಲಿ, ನಾನಾ ಬಂದು ತಗೋತೀನಿ."

ಆತ ಗೊಣಗುತ್ತಾ ಟ್ರ್ಯಾಕ್ಟರ್ ತಿರುಗಿಸುತ್ತಾನೆ. ಕಸ್ತೂರೆಮ್ಮ ಮುಂದಿನ ಟ್ರೇಲರ್‌ಗೆ ಹತ್ತುತ್ತಾರೆ.

ಸಿದ್ದಾಪುರದಿಂದ ಎಂಟು ಕಿಲೋಮೀಟರ್ ಒಳಗೆ, ಕಾಲುವೆಯ ಪಕ್ಕದಲ್ಲಿದೆ ಈ ಭತ್ತ ಬೆಳೆಗಾರರ ಸಹಕಾರ ಸಂಘ. ಸದಸ್ಯರು ಮುನ್ನೂರ ಹನ್ನೆರಡು. ಯಂತ್ರಗಳು ಬಂದ ಮೇಲೆ ಇಲ್ಲಿನ ಕೊಯ್ಲೆಲ್ಲ ಎರಡೇ ವಾರದಲ್ಲಿ ಮುಗಿಯುತ್ತದೆ. ಎಲ್ಲರ ಭತ್ತವೂ ಒಮ್ಮೆಗೇ ಗಂಗಾವತಿ ಮಾರುಕಟ್ಟೆಗೆ ನುಗ್ಗಿದರೆ ದರ ಕುಸಿಯುತ್ತದೆ. ಅದಕ್ಕಾಗಿ ಸಂಘ ಭತ್ತವನ್ನು ಗೋದಾಮಿನಲ್ಲಿ ಇಟ್ಟುಕೊಂಡು, ಬ್ಯಾಂಕಿನ ಸಾಲದಿಂದ ರೈತರಿಗೆ ಮುಂಗಡ ಕೊಟ್ಟು, ಎರಡು ಮೂರು ತಿಂಗಳು ಕಾದು ಮಾರುತ್ತದೆ. ಒಳಗೆ ಹೋಗುವ ಕಾಳು ಒಣಗಿರಬೇಕು, ಅಷ್ಟೆ. ಹಸಿ ಚೀಲಗಳು ಒಳಗೆ ಸೇರಿದರೆ, ಒಂದರ ಮೇಲೊಂದು ಪೇರಿಸಿದ ಇಡೀ ಅಟ್ಟಿಗೇ ಕಾವು ಏರಿ, ಅಕ್ಕಿ ಹಳದಿಯಾಗಿ, ಅದನ್ನು ಕೊಳ್ಳುವವರೇ ಇರುವುದಿಲ್ಲ.

ಕಸ್ತೂರೆಮ್ಮನಿಗೆ ಈಗ ನಲವತ್ತಾರು. ತವರು ಮಳೆಯನ್ನೇ ನಂಬಿದ ಹುಲಿಹೈದರ. ಎಸ್ಸೆಸ್ಸೆಲ್ಸಿ ಮುಗಿಸಿ ಮದುವೆಯಾಗಿ ಕಾಲುವೆ ನೀರಿನ ಊರಿಗೆ ಬಂದವರು. ಮೊದಲು ಸಂಘದಲ್ಲಿ ಕಸ ಗುಡಿಸುವ ದಿನಗೂಲಿ. ತೇವಾಂಶದ ಯಂತ್ರ ತಂದು ತೋರಿಸಿದ ದಿನ ಗಂಡಸರೆಲ್ಲ ನೋಡಿ ಎದ್ದು ಹೋದರಂತೆ. "ನಾ ಒಬ್ಬಾಕಿನಾ ಕುಂತು ಕಲಿತ್ನಿ. ಅಂಕಿ ಓದಾಕ ಬಂದ್ರ ಸಾಕಲ್ರಿ, ಅದ್ರಾಗೇನೈತಿ," ಎಂದು ನಗುತ್ತಾರೆ. ಕೊಯ್ಲಿನ ದಿನಗಳಲ್ಲಿ ದಿನಕ್ಕೆ ಹತ್ತು ಟ್ರ್ಯಾಕ್ಟರ್. ಒಂದೊಂದರಲ್ಲೂ ಇಪ್ಪತ್ತು ಚೀಲ ಚುಚ್ಚಲೇಬೇಕು. ಅಂದರೆ ದಿನಕ್ಕೆ ಇನ್ನೂರು ಸಲ ಕೊಳವೆ ಏಳಬೇಕು, ಇಳಿಯಬೇಕು. ಬಲಗೈ ಭುಜ ಈಗ ಪೂರ್ತಿ ಮೇಲೇಳುವುದಿಲ್ಲ. ತಿಂಗಳಿಗೆ ಸಂಬಳ ಒಂಬತ್ತು ಸಾವಿರ.

ಕಳೆದ ವರ್ಷದ ನವೆಂಬರ್ ಬಗ್ಗೆ ಕೇಳಿದಾಗ ಮಾತ್ರ ಅವರ ನಗು ನಿಲ್ಲುತ್ತದೆ.

ಆಗ ಕೊಯ್ಲಿನ ನಡುವೆಯೇ ಮೂರು ದಿನ ಬಿಡದೆ ಮಳೆ. ಇಪ್ಪತ್ತು, ಇಪ್ಪತ್ತೊಂದರ ತೇವದ ಭತ್ತವನ್ನೂ ದಲಾಲರು ಹೊಲದಲ್ಲೇ ಎತ್ತುತ್ತಿದ್ದರು, ಚೀಲಕ್ಕೆ ಏಳು ಕೆ.ಜಿ. ಮುರಿದುಕೊಂಡು. ಸಂಘದ ಗೋದಾಮು ಅರ್ಧವೂ ತುಂಬಿರಲಿಲ್ಲ. ಅಂಥ ಹೊತ್ತಿನಲ್ಲಿ ಅಧ್ಯಕ್ಷ ಅಂದಪ್ಪನವರ ಭಾವಮೈದುನನ ಎಂಬತ್ತು ಚೀಲ ಬಂದವು. ಯಂತ್ರ ಇಪ್ಪತ್ತು ಪಾಯಿಂಟ್ ಎಂಟು ತೋರಿಸಿತು. ಕಸ್ತೂರೆಮ್ಮ ಆಗುವುದಿಲ್ಲ ಎಂದರು. ಅರ್ಧ ಗಂಟೆಯಲ್ಲಿ ಅಂದಪ್ಪ ಖುದ್ದಾಗಿ ಬಂದರು.

"ರೈತರೆಲ್ಲಾ ದಲಾಲರ ಕಡೆ ಹೊಂಟಾರ. ಗೋದಾಮು ಖಾಲಿ ಉಳಿದ್ರ ಬ್ಯಾಂಕಿನವ್ರು ಸಾಲ ಅರ್ಧಕ್ಕ ಇಳಸ್ತಾರ. ಆಮ್ಯಾಲೆ ಸಂಘ ಎಲ್ಲೈತಿ ಹೇಳು?"

"ಹಸಿ ನೆಲ್ಲು ತುಂಬಿದ್ರೂ ಸಂಘ ಉಳಿಯಂಗಿಲ್ರಿ, ಸಾಹುಕಾರ್ರ."

"ಸಂಘ ನಡಸಾಂವ ನಾನೋ, ನೀನೋ?"

ಅಂದಪ್ಪ ಕಸ್ತೂರೆಮ್ಮನಿಂದ ಗೋದಾಮಿನ ಕೀಲಿ ಇಸಿದುಕೊಂಡು, ಕರೆಯುವ ತನಕ ಬರಬೇಡ ಎಂದು ಮನೆಗೆ ಕಳಿಸಿದರು. ಮುಂದಿನ ಒಂಬತ್ತು ದಿನ ಯಂತ್ರ ಪೆಟ್ಟಿಗೆಯಲ್ಲೇ ಉಳಿಯಿತು. ಹನ್ನೊಂದು ಮನೆಗಳ ಮುನ್ನೂರ ನಲವತ್ತು ಹಸಿ ಚೀಲ ಒಳಗೆ ಸೇರಿದವು.

ಹತ್ತನೆಯ ದಿನ ಬೆಳಿಗ್ಗೆ ಚೀಲ ಹೊರುವ ಹಮಾಲರ ಮುಂದಾಳು ಅಕ್ಬರ ಮನೆ ಬಾಗಿಲಿಗೆ ಬಂದ. "ಅಕ್ಕಾ, ಚೀಲಾ ಬೆಚ್ಚಗ ಆಗ್ಯಾವ. ವಾಸನಿ ಬರಾಕ ಹತ್ತೇತಿ."

ಕಸ್ತೂರೆಮ್ಮ ಓಡಿದರು. ಎರಡನೆಯ ಅಟ್ಟಿಯ ಚೀಲದೊಳಗೆ ಮೊಣಕೈವರೆಗೆ ಕೈ ಇಳಿಸಿದರು. "ಜ್ವರ ಬಂದ ಕೂಸಿನ ಮೈ ಮುಟ್ಟಿದಂಗ ಆತ್ರಿ," ಎನ್ನುತ್ತಾರೆ. ಬ್ಯಾಂಕಿನವರು ದಾಸ್ತಾನು ನೋಡಲು ಬರುವುದಕ್ಕೆ ಉಳಿದಿದ್ದದ್ದು ಮೂರೇ ದಿನ. ಆ ಅಟ್ಟಿಗೆ ತಾಗಿಯೇ ಎರಡು ಸಾವಿರ ಒಣ ಚೀಲಗಳು.

ಅಲ್ಲಿಂದ ನೇರ ಅಂದಪ್ಪನವರ ಮನೆಗೆ ಹೋದರು. "ಸಿಟ್ಟು ಆಮ್ಯಾಲೆ ಮಾಡ್ರಿ. ಮೊದಲು ಬಂದು ಕೈ ಇಟ್ಟು ನೋಡ್ರಿ," ಎಂದರು. ಅಂದಪ್ಪ ಬಂದರು, ಕೈ ಇಟ್ಟರು. ಜೇಬಿನಿಂದ ಕೀಲಿ ತೆಗೆದು ಕೊಟ್ಟರು.

ಇಪ್ಪತ್ತಾರು ಜನ ಎರಡು ದಿನ ಅಟ್ಟಿ ಬಿಚ್ಚಿ, ಕಣದಲ್ಲಿ, ಕಾಲುವೆ ದಂಡೆಯ ಮೇಲೆ ಭತ್ತ ಹರವಿದರು. ಕಸ್ತೂರೆಮ್ಮ ಒಂದೊಂದು ಚೀಲವನ್ನೂ ತಿರುಗಿಸಿ, ಮೇಲೆ ಬರೆದ ಹೆಸರು ನೋಡಿ ಪಟ್ಟಿ ಮಾಡಿಕೊಳ್ಳುತ್ತಿದ್ದರು. ಮೊದಲ ದಿನದ ಮಧ್ಯಾಹ್ನ ಕೆಂಪು ಬಣ್ಣದಲ್ಲಿ ಬರೆದ 'ಹನಮಪ್ಪ' ಎಂಬ ಹೆಸರು ಕಂಡಿತು. ಅದು ಅವರ ಗಂಡ. ಅಕ್ಷರ ಮಗಳದು. ಹೆಂಡತಿ ಗೋದಾಮಿನಲ್ಲಿ ಇಲ್ಲದ ಆ ಒಂಬತ್ತು ದಿನಗಳಲ್ಲಿ ಹನಮಪ್ಪ ಇಪ್ಪತ್ತೆರಡು ಹಸಿ ಚೀಲ ತಂದು ಹಾಕಿದ್ದರು.

"ಮನ್ಯಾಗ ಕೂತು ನಾ ಅಳತಿದ್ನಿ. ಇವ್ರು ಇಲ್ಲಿ ಚೀಲ ಇಳಸಾಕ ಹತ್ತಿದ್ರು." ಆ ರಾತ್ರಿ ಗಂಡ ಹೆಂಡತಿ ಮಾತಾಡಲಿಲ್ಲವಂತೆ.

ಅರವತ್ತನಾಲ್ಕು ಚೀಲ ಕೆಟ್ಟಿದ್ದವು. ಉಳಿದವು ಒಣಗಿದವು. ಬ್ಯಾಂಕಿನವರು ಬಂದು ನೋಡಿ, ಕೆಟ್ಟದ್ದನ್ನು ಕಳೆದು, ಸಾಲ ಮುಂದುವರಿಸಿದರು. ಮರುವಾರ ಸದಸ್ಯರ ಸಭೆ. ನಷ್ಟ ಹತ್ತಿರ ಹತ್ತಿರ ಒಂದು ಲಕ್ಷ. ಎಲ್ಲರ ಲೆಕ್ಕದಲ್ಲೂ ಸಮನಾಗಿ ಹಂಚೋಣ ಎಂದರು ಅಂದಪ್ಪ. ಎರಡು ಎಕರೆಯ ರೈತ ಮಹಿಳೆ ಚಾಂದಬೀ ಎದ್ದು ನಿಂತರು.

"ನಾ ನಾಲ್ಕು ದಿನಾ ರಸ್ತಾದ ಮ್ಯಾಲೆ ಒಣಗಿಸಿ ತಂದೀನಿ. ಕೆಟ್ಟಿದ್ದು ಯಾರ ನೆಲ್ಲು? ಹೆಸರು ಹೇಳ್ರಿ."

ಪಟ್ಟಿ ಕಸ್ತೂರೆಮ್ಮನ ಕೈಯಲ್ಲಿತ್ತು. ಹನಮಪ್ಪ ಮುಂದಿನ ಸಾಲಿನಲ್ಲೇ ಕೂತಿದ್ದರು. ಕಸ್ತೂರೆಮ್ಮ ಎದ್ದು ಓದಿದರು: "ಹನಮಪ್ಪ, ಇಪ್ಪತ್ತೆರಡು ಚೀಲ. ನಮ್ಮ ಮನೀದಾ." ಆಮೇಲೆ ಅಧ್ಯಕ್ಷರ ಭಾವಮೈದುನ, ಎಂಬತ್ತು. ಆಮೇಲೆ ಉಳಿದ ಒಂಬತ್ತು ಹೆಸರು. ಮೊದಲ ಹೆಸರು ಕೇಳಿದ ಮೇಲೆ ಉಳಿದವರಲ್ಲಿ ಯಾರಿಗೂ ಜಗಳ ತೆಗೆಯಲು ಬಾಯಿ ಬರಲಿಲ್ಲ ಎಂದು ಅಕ್ಬರ ನೆನೆಯುತ್ತಾನೆ. ನಷ್ಟವನ್ನು ಆ ಹನ್ನೊಂದು ಮನೆಗಳೇ ಹೊತ್ತವು. ಕಸ್ತೂರೆಮ್ಮನ ಮನೆಯ ಪಾಲು ಆರು ಸಾವಿರಕ್ಕೂ ಹೆಚ್ಚು.

ಫೆಬ್ರವರಿಯಲ್ಲಿ ಸಂಘದ ಭತ್ತ ಒಳ್ಳೆಯ ದರಕ್ಕೇ ಹೋಯಿತು. ಹಾಗೆಂದು ಎಲ್ಲ ಸರಿಹೋಯಿತು ಎನ್ನುವಂತಿಲ್ಲ. ಅಧ್ಯಕ್ಷರ ಭಾವಮೈದುನನ ಜೊತೆ ನಲವತ್ತು ಮನೆಗಳು ಸಂಘಕ್ಕೆ ಭತ್ತ ಹಾಕುವುದನ್ನೇ ಬಿಟ್ಟಿವೆ. ಈ ಸಲವೂ ದಲಾಲರ ಲಾರಿಗಳು ಕಾಲುವೆ ರಸ್ತೆಯಲ್ಲಿ ನಿಂತಿವೆ. ಅಂದಪ್ಪ ಈಗಲೂ ಅಧ್ಯಕ್ಷರೇ. "ಅವತ್ತ ನಾ ಹೆದರಿದ್ದೆ. ಹೆದರಿದಾಂವ ಅಧ್ಯಕ್ಷ ಆಗಿರಬಾರದು," ಎಂದು ಅವರೇ ಹೇಳುತ್ತಾರೆ. ಮುಂದಿನ ಚುನಾವಣೆಗೆ ನಿಲ್ಲುವುದಿಲ್ಲವಂತೆ.

ಹಾಗಾದರೆ ನಿಮ್ಮ ಮತ ಯಾರಿಗೆ ಎಂದು ಕಸ್ತೂರೆಮ್ಮನನ್ನು ಕೇಳಿದೆ. ಅವರು ಕೊಳವೆಯ ಧೂಳನ್ನು ಸೆರಗಿನಿಂದ ಒರೆಸಿಕೊಳ್ಳುತ್ತಾರೆ.

"ನನಗ ವೋಟಾ ಇಲ್ರಿ. ಹೊಲ ನಮ್ಮ ಮನಿಯವ್ರ ಹೆಸರಿಲೆ ಐತಿ, ಸಂಘದ ಶೇರೂ ಅವ್ರದಾ. ಮೊನ್ನಿ ಅವ್ರಾ ಹೇಳ್ಯಾರ, ಅರ್ಧ ಎಕರೆ ನಿನ್ನ ಹೆಸರಿಗೆ ಮಾಡಸ್ತೀನಿ ಅಂತ. ಅದೊಂದು ಆತಂದ್ರ ನಾನೂ ಒಂದು ಶೇರು ತಗೋತೀನ್ರಿ. ಮುಂದಿನ ಸಭಾದಾಗ ಎಲ್ಲಾರ ಸಂಗಾಟ ನಾನೂ ಒಂದ್ಸಲ ಕೈ ಎತ್ತಬೇಕು."