ಗ್ರೀಕ್ ಲೋಲಾಕು

ತೊಂಬತ್ತರ ದಶಕದ ಕೊನೆಯಲ್ಲಿ, ಮದುವೆಯಾಗಿ ನಾನು ಗಂಡ ಕೆಲಸಕ್ಕಿದ್ದ ಪರದೇಶದ ಊರು ವೆಲ್ಡ್‌ಹೋವನ್‌ಗೆ ಬಂದು ಮೂರು ವಾರವಷ್ಟೇ ಆಗಿತ್ತು. ಒಂದು ಶನಿವಾರ ನನ್ನ ಗಂಡ ಊರು ತೋರಿಸಲು ಮಾಸ್ಟ್ರಿಕ್ಟ್‌ಗೆ ಕರೆದುಕೊಂಡು ಹೋದರು. ಹೊಳೆಯ ಸೇತುವೆ ದಾಟಿದರೆ ಒಂದು ಗಲ್ಲಿ. ಅಲ್ಲಿ ಪ್ರಾಚೀನ ಗ್ರೀಕರ ಒಡವೆಗಳ ಮಾದರಿಯಲ್ಲಿ ಬೆಳ್ಳಿ ಕೆಲಸ ಮಾಡುವ ಪುಟ್ಟ ಅಂಗಡಿ. ಅವರು ಕಾಫಿ ತರಲು ಹೋದಾಗ ನಾನೊಬ್ಬಳೇ ಒಳಗೆ ಹೋದೆ.

ಅಂಗಡಿಯ ವಯಸ್ಸಾದ ಒಡತಿ ನನ್ನನ್ನು ಕಂಡು ನಕ್ಕು, ಏನೂ ಕೇಳದೆ ಒಂದು ಡಬ್ಬಿ ತಂದು ಮುಂದಿಟ್ಟರು. ಅದರಲ್ಲಿ ಒಂದು ಜೊತೆ ಲೋಲಾಕು. ಹಳೆಯ ಗ್ರೀಕ್ ಹೂಜಿಗಳ ಅಂಚಿನಲ್ಲಿರುವಂತೆ ಸುತ್ತಿಸುತ್ತಿ ಒಳಸರಿಯುವ ಗೆರೆ, ಕೆಳಗೆ ದಾಳಿಂಬೆ ಕಾಳಿನಂಥ ಕೆಂಪು ಕಲ್ಲು.

"ನಿಮ್ಮದು ರೆಡಿಯಾಗಿ ತುಂಬಾ ದಿನ ಆಯ್ತು," ಎಂದರು ಇಂಗ್ಲಿಷಿನಲ್ಲಿ.

ಬೇಸಿಗೆಯಲ್ಲಿ ನಾನೇ ಬಂದು ಮಾಡಲು ಹೇಳಿ, ಹಣ ಕೊಟ್ಟು ಹೋಗಿದ್ದೆನಂತೆ. ಬೇಸಿಗೆಯಲ್ಲಿ ನಾನು ಮೈಸೂರಿನಲ್ಲಿದ್ದೆ. ಹಾಗೆಂದರೂ ನಂಬದೆ ಆಕೆ ಒಂದು ಹಾಳೆ ತೆಗೆದು ತೋರಿಸಿದರು. ಪೆನ್ಸಿಲಿನಲ್ಲಿ ಬರೆದ ಎರಡು ಕಿವಿ. ಎಡಗಿವಿಯ ತೂತು ಸ್ವಲ್ಪ ಕೆಳಗೆ. ಅದಕ್ಕೇ ಎಡಗಡೆಯ ಕೊಕ್ಕೆ ಗಿಡ್ಡ ಮಾಡಿದ್ದರು. ನನ್ನ ಕಿವಿಯೂ ಹಾಗೇ; ಕೂಸಾಗಿದ್ದಾಗ ಕಿವಿ ಚುಚ್ಚುವ ಹೊತ್ತಿಗೆ ನಾನು ತಲೆ ಕೊಡವಿದ್ದರಿಂದ ಆದ ಊನ ಅದು. ಹಾಕಿ ನೋಡಿದೆ. ಹುಟ್ಟಿದ ಮೇಲೆ ಮೊದಲ ಸಲ ನನ್ನ ಎರಡು ಕಿವಿಯ ಒಡವೆಗಳೂ ಸಮಕ್ಕೆ ತೂಗಿದವು.

ಅಷ್ಟರಲ್ಲಿ ಬಂದ ಗಂಡನಿಗೆ ಹೇಳಿದೆ.

"ಬೇರೆ ಯಾರೋ ಇರ್ತಾರೆ. ಇವರಿಗೆ ನಾವೆಲ್ಲ ಒಂದೇ ಥರ ಕಾಣ್ತೀವಿ," ಎಂದರು.

"ಕಿವಿನೂ ಒಂದೇ ಥರ ಇರುತ್ತಾ?"

ನಾನು ಬಿಚ್ಚಿಕೊಟ್ಟ ಲೋಲಾಕನ್ನು ಅವರು ಡಬ್ಬಿಗೆ ಹಾಕಿ ಒಡತಿಯತ್ತ ಸರಿಸಿದರು. ಆಕೆ ವಾಪಸು ತೆಗೆದುಕೊಳ್ಳಲೊಪ್ಪಲಿಲ್ಲ. ಯಾರಾದರೂ ಕೇಳಿಕೊಂಡು ಬಂದರೆ ತಿಳಿಸಿ ಎಂದು ಮನೆಯ ಫೋನ್ ನಂಬರ್ ಕೊಟ್ಟು ಬಂದೆವು. ಡಬ್ಬಿಯನ್ನು ಬೀರುವಿನಲ್ಲಿ ಸೀರೆಗಳಡಿ ಇಟ್ಟೆ.

ಮೂರು ತಿಂಗಳ ಮೇಲೆ ಒಂದು ಮಧ್ಯಾಹ್ನ ಅಂಗಡಿಯ ಒಡತಿಯ ಫೋನ್ ಬಂತು. ಸದ್ಯ, ಒಡವೆಯ ಯಜಮಾನಿ ಸಿಕ್ಕಿದಳು ಅಂದುಕೊಂಡೆ.

"ಬೆಳಗ್ಗೆ ಸೇತುವೆ ಮೇಲೆ ನಿಮ್ಮನ್ನ ಕೂಗಿದೆ, ನೀವು ತಿರುಗಲೇ ಇಲ್ಲ," ಎಂದರು. "ಲೋಲಾಕು ನಿಮ್ಮ ಕಿವಿಗೆ ಚೆನ್ನಾಗಿ ಒಪ್ಪಿದೆ."

ಬೆಳಗ್ಗೆಯಿಡೀ ನಾನು ಮನೆಯಲ್ಲಿ ಬಟ್ಟೆ ಇಸ್ತ್ರಿ ಮಾಡುತ್ತಿದ್ದೆ. ಫೋನಿಟ್ಟು ಬೀರು ತೆರೆದೆ. ಲೋಲಾಕು ಡಬ್ಬಿಯಲ್ಲೇ ಇತ್ತು. ಅಲ್ಲಿ ಇರದೇ ಹೋಗಿದ್ದರೆ, ಯಾರೋ ಕದ್ದರು ಅಂದುಕೊಂಡು ನೆಮ್ಮದಿಯಾಗಿರುತ್ತಿದ್ದೆ.

ಅಲ್ಲೇ ನಿಂತು ಎರಡನ್ನೂ ಕಿವಿಗೆ ಹಾಕಿಕೊಂಡೆ. ಅದನ್ನು ಹಾಕುವವಳು ಒಬ್ಬಳೇ ಇರಬೇಕು, ಅದು ನಾನಾಗಿರಬೇಕು ಎಂದಷ್ಟೇ ಆಗ ಹೊಳೆದದ್ದು. ಸಂಜೆ ಸೈಕಲ್ಲಿನಲ್ಲಿ ಮನೆಗೆ ಬಂದ ಗಂಡ ಎಲ್ಲ ಕೇಳಿಸಿಕೊಂಡು, ಹತ್ತಿರ ಬಂದು ನನ್ನ ಎಡಗಿವಿಯ ಲೋಲಾಕನ್ನು ಮುಟ್ಟಿ ನೋಡಿದರು.

"ತೆಗೀಬೇಡ," ಎಂದರು ಕೊನೆಗೆ.

ಆ ದೇಶದಲ್ಲಿದ್ದ ಇನ್ನೆರಡು ವರ್ಷ ಸ್ನಾನಕ್ಕೂ ಅದನ್ನು ತೆಗೆಯಲಿಲ್ಲ. ಅಂಗಡಿಯಿಂದ ಮತ್ತೆ ಫೋನ್ ಬರಲಿಲ್ಲ.