ಪಲ್ಪರ್ ಶುರುವಾದಾಗ ಚೆಲುವಿ

ಆಗೆಲ್ಲ ನಮಗೆ ಡಿಸೆಂಬರ್ ಎಂದರೆ ಹುಳಿ ವಾಸನೆ. ಸಕಲೇಶಪುರದ ಮೇಲಿನ ಎಸ್ಟೇಟೊಂದರಲ್ಲಿ ನಮ್ಮಪ್ಪ ಲೆಕ್ಕ ಬರೆಯುವ ರೈಟರ್. ಕಾಫಿ ಹಣ್ಣಿನ ಸಿಪ್ಪೆ ಗುಡ್ಡೆಗುಡ್ಡೆಯಾಗಿ ಕೊಳೆಯುತ್ತಿರುತ್ತಿತ್ತು. ಕಾನ್ವೆಂಟ್ ಹಾಸ್ಟೆಲಿನಿಂದ ಹಾಲಿಡೇಸ್‌ಗೆ ಬಂದವಳಿಗೆ ಅದು ಮೂಗಿಗೆ ಹೊಡೆದ ಮೇಲೆಯೇ ಮನೆ ತಲುಪಿದೆ ಅನ್ನಿಸುತ್ತಿದ್ದದ್ದು. ಎಸ್ಟೇಟಿನ ಕೂಲಿ ಲೈನುಗಳ ಹತ್ತಿರ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಣ್ಣು ಕುಯ್ಯುವ ಹೆಂಗಸರು ಮಕ್ಕಳನ್ನು ಎಸ್ಟೇಟಿನ ಕ್ರೆಷ್‌ನಲ್ಲಿ ಬಿಟ್ಟು ಹೋಗುತ್ತಿದ್ದರು. ತಗಡಿನ ಮಾಡಿನ ಒಂದೇ ಕೋಣೆ. ಗೋಡೆಯಾಚೆ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್. ಆ ವರ್ಷ ಫಸಲು ಜಾಸ್ತಿ, ಹಿಂದಿನ ದಿನ ಉಳಿದದ್ದನ್ನು ಮಧ್ಯಾಹ್ನವೇ ಹಾಕುತ್ತಿದ್ದರು. ಮೆಷಿನ್ ಶುರುವಾದರೆ ತಗಡು, ಬೆಂಚು, ನಮ್ಮ ಹಲ್ಲು ಎಲ್ಲವೂ ಅದುರುತ್ತಿದ್ದವು. ಅಷ್ಟೂ ಮಕ್ಕಳಿಗೆ ಈರಮ್ಮ ಒಬ್ಬಳೇ ಆಯಾ. ರಾಗಿ ಗಂಜಿ ಕುಡಿಸಿ, ಅಳುವವರಿಗೆ ಎರಡು ಬಿಗಿದು ಮಲಗಿಸುತ್ತಿದ್ದಳು.

ನಾನಲ್ಲಿ ಟೀಚರ್ ಆಟ ಆಡುತ್ತಿದ್ದೆ. ಒಂಬತ್ತು ವರ್ಷ, ಕೈಯಲ್ಲಿ ಅಪ್ಪನ ಮರದ ರೂಲರ್. ಎಲ್ಲರೂ ಸಾಲಾಗಿ ನಿಲ್ಲಬೇಕು, ಡಿಸಿಪ್ಲಿನ್.

ಚೆಲುವಿ ಮಾತ್ರ ನಿಲ್ಲುತ್ತಿರಲಿಲ್ಲ. ಕೆ. ಹೊಸಕೋಟೆ ಕಡೆಯಿಂದ ಕುಯ್ಲಿಗೆ ಬಂದಿದ್ದ ನಿಂಗಿಯ ಮಗಳು, ನಾಲ್ಕು ವರ್ಷದವಳು. ಪಲ್ಪರ್ ಗುಡುಗಿದೊಡನೆ ಬೆಂಚಿನಡಿ ನುಗ್ಗಿ, ಕಿವಿ ಮುಚ್ಚಿಕೊಂಡು, ಹಣೆಯನ್ನು ಗೋಡೆಗೆ ಚಚ್ಚಿಕೊಂಡು ಕಿರುಚುತ್ತಿದ್ದಳು. ಈರಮ್ಮ ಜುಟ್ಟು ಹಿಡಿದು ಎಳೆಯುತ್ತಿದ್ದಳು. ಒಂದು ದಿನ ನಾನೇ ಎಳೆದೆ. “ಹ್ಯಾಂಡ್ಸ್ ಡೌನ್” ಎಂದು ಅವಳ ಬೆರಳುಗಳನ್ನು ಒಂದೊಂದಾಗಿ ಕಿವಿಯಿಂದ ಕಿತ್ತು, ಎರಡೂ ಕೈಗಳನ್ನು ನೆಲಕ್ಕೆ ಒತ್ತಿ ಹಿಡಿದೆ. ಅವಳು ನನ್ನ ಮಣಿಕಟ್ಟಿಗೆ ಹಲ್ಲು ಹಾಕಿದಳು, ಬಿಡಲಿಲ್ಲ. ನಾನು ರೂಲರ್ ಮುರಿಯುವವರೆಗೆ ಹೊಡೆದೆ. ಅವಳ ಹುಬ್ಬು ಒಡೆಯಿತು. ಓಡಿಬಂದ ಈರಮ್ಮನಿಗೆ ಕಂಡದ್ದು ನನ್ನ ರಕ್ತ ಮಾತ್ರ.

ಸಂಜೆ ನಿಂಗಿ ಬಂದಾಗ ಈರಮ್ಮ ಒಂದೇ ಮಾತು ಹೇಳಿದಳು. “ಗಾಳಿ ಮೆಟ್ಕಂಡೈತೆ ಕಣೇ ನಿನ್ ಮಗೀಗೆ. ಬರೆ ಹಾಕ್ದೆ ಬುಟ್ರೆ ನಾಳೆಯಿಂದ ನಾನ್ ಇಟ್ಕಳಾಕಿಲ್ಲ.”

ಮಗುವನ್ನು ಬಿಡಲು ಜಾಗವಿಲ್ಲದಿದ್ದರೆ ನಿಂಗಿಗೆ ಕೆಲಸವಿಲ್ಲ. ಅವಳು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತಳು.

“ಅಮ್ಮಣ್ಣಿ, ಸುಮ್‌ಸುಮ್ನೆ ಕಚ್ಬುಡ್ತಾ ಇದು? ನೀವೇನಾರ ಮಾಡಿದ್ರಾ?”

“ಏನೂ ಮಾಡಿಲ್ಲ” ಅಂದೆ. ಆ ವರ್ಷ ಮಾರಲ್ ಸೈನ್ಸ್‌ನಲ್ಲಿ ಫಸ್ಟ್ ಪ್ರೈಜ್ ನನಗೇ.

ನಿಂಗಿ ತನ್ನ ಕೈಯ ಗಾಜಿನ ಬಳೆಯನ್ನೇ ಕಲ್ಲಿಗೆ ಕುಟ್ಟಿ ಒಡೆದಳು. ಬರೆ ಎಳೆಯುವುದು ಬಳೆಚೂರಿನಲ್ಲೇ. ಈರಮ್ಮ ಅದನ್ನು ಇಕ್ಕಳದಲ್ಲಿ ಹಿಡಿದು ಕೆಂಡದಲ್ಲಿ ಕಾಯಿಸಿದಳು. ತಾಯಿ ಕೈಗಳನ್ನು ಹಿಡಿದಳು. “ಕಾಲ್ ಹಿಡ್ಕಳಿ ಅಮ್ಮಣ್ಣಿ” ಎಂದಳು ಈರಮ್ಮ, ಹಿಡಿದೆ. ಹೊಟ್ಟೆಯ ಮೇಲೆ ಮೂರು ಗೆರೆ. ಮೂರನೆಯದಕ್ಕೆ ಆ ಪುಟ್ಟ ಪಾದಗಳು ನನ್ನ ಮುಷ್ಟಿಯಲ್ಲಿ ಒದೆಯುವುದನ್ನು ಬಿಟ್ಟವು.

ಮರುದಿನ ಪಲ್ಪರ್ ಶುರುವಾಯಿತು. ಚೆಲುವಿ ಕಿವಿ ಮುಚ್ಚಲಿಲ್ಲ. ಸಾಲಿನಲ್ಲಿ ನೆಟ್ಟಗೆ ನಿಂತಿದ್ದಳು. ಲಂಗದ ಕೆಳಗೆ ನೆಲ ಒದ್ದೆಯಾಗುತ್ತಿತ್ತು. ಈರಮ್ಮ, ವಾಸಿಯಾಗೋಯ್ತು ನೋಡಿ ಎಂದು ಬಂದವರಿಗೆಲ್ಲ ತೋರಿಸಿದಳು. ಕುಯ್ಲು ಮುಗಿದು ಅವರು ಗಂಟುಮೂಟೆ ಕಟ್ಟುವವರೆಗೂ ಆ ಮಗುವಿನ ದನಿ ನಾನು ಕೇಳಲಿಲ್ಲ. ಮುಂದಿನ ವರ್ಷ ನಿಂಗಿ ಬರಲಿಲ್ಲ.

ಮೊನ್ನೆ ಬಾಳ್ಳುಪೇಟೆಯಲ್ಲಿ, ಹೈವೇ ಪಕ್ಕದ ಅಂಗನವಾಡಿಗೆ ಹೋಗಿದ್ದೆ. ಲಾರಿಯ ಹಾರ್ನಿಗೆ ಒಂದು ಹುಡುಗಿ ಉಸಿರುಗಟ್ಟಿ ಅಳತೊಡಗಿದಳು. ಟೀಚರ್ ಕಿಟಕಿ ಮುಚ್ಚಿ, ಅವಳನ್ನು ಹಿತ್ತಲಿಗೆ ಕರೆದೊಯ್ದು, ಒಂದು ಬೋಗುಣಿ ಅಕ್ಕಿಯಲ್ಲಿ ಕೈಯಾಡಿಸಲು ಬಿಟ್ಟಳು. ಏನಾಯಿತಮ್ಮ ಎಂದು ಕೇಳಿದೆ.

“ಏನಿಲ್ಲ ಕಣಜ್ಜಿ, ಸದ್ದು ತಡ್ಕಳಕಾಗಲ್ಲ ಇವಳಿಗೆ.”

ಇಷ್ಟೇ. ನಮ್ಮ ಕ್ರೆಷ್‌ಗೂ ಹಿತ್ತಲಿತ್ತು, ಅಲ್ಲೊಂದು ಹಲಸಿನ ಮರವೂ ಇತ್ತು. ಆ ಪಲ್ಪರ್ ಈಗಿಲ್ಲ, ಈರಮ್ಮನೂ ಇಲ್ಲ. ಹೋದದ್ದಕ್ಕೆ ನನಗೆ ಬೇಜಾರಿಲ್ಲ. ತನಗಾಗದ್ದನ್ನು ಆಗದು ಎಂದು ಕೂಗುತ್ತಿದ್ದ ಒಂದು ದನಿಯಿತ್ತು. ಮೂವರು ಹೆಣ್ಣುಗಳು ಸೇರಿ ಅದನ್ನು ಇಲ್ಲವಾಗಿಸಿದೆವು. ಆ ಮೂವರಲ್ಲಿ, ಅವತ್ತು ನಡೆದದ್ದೇನೆಂದು ಗೊತ್ತಿದ್ದವಳು ನಾನೊಬ್ಬಳೇ.