ಒತ್ತಿದ್ದು ತಡವೋ, ಹಾರಿದ್ದು ತಡವೋ

ನಮ್ಮ ಕಚೇರಿಯ ಟ್ಯೂಬ್‌ಲೈಟು ಸ್ವಿಚ್ ಒತ್ತಿದ ಕೂಡಲೇ ಹೊತ್ತುವುದಿಲ್ಲ. ಒಂದೆರಡು ಸಲ ಕಣ್ಣು ಮಿಟುಕಿಸಿ, ಇವತ್ತು ಕೆಲಸ ಮಾಡಲೋ ಬೇಡವೋ ಎಂದು ಯೋಚಿಸಿ, ಆಮೇಲೆ ಹೊತ್ತುತ್ತದೆ. ಉಳಿದವರು ಸ್ವಿಚ್ ಒತ್ತಿ ತಮ್ಮ ಪಾಡಿಗೆ ಕುರ್ಚಿಗೆ ಹೋಗುತ್ತಾರೆ. ನಾನು ಮಾತ್ರ ಬೆರಳನ್ನು ಸ್ವಿಚ್ಚಿನ ಮೇಲೇ ಇಟ್ಟುಕೊಂಡು, ತಲೆಯೆತ್ತಿ, ಉಸಿರು ಬಿಗಿಹಿಡಿದು ನಿಂತಿರುತ್ತೇನೆ. ಒತ್ತುವುದಕ್ಕೂ ಆಗುವುದಕ್ಕೂ ನಡುವಿನ ಆ ಚೂರು ಹೊತ್ತು ನನಗೆ ಆಗಿಬರುವುದಿಲ್ಲ. ಇದು ಹುಚ್ಚು ಎಂದು ನೀವು ಅನ್ನಬಹುದು. ನನ್ನ ಹೆಂಡತಿ ಶೈಲಾ ಆಗಲೇ ಅಂದಾಗಿದೆ. ಆದರೆ ಈ ಹುಚ್ಚಿಗೊಂದು ಕಾರಣವಿದೆ, ಅದು ನನ್ನ ಅಕ್ಕನ ಬಲಗೈಯ ಹೆಬ್ಬೆರಳು.

ಅಕ್ಕ ನಾಗವೇಣಿ ಇರುವುದು ಅಂಕೋಲೆ ಹತ್ತಿರದ ಹಾರವಾಡದಲ್ಲಿ. ಭಾವ ಗದ್ದೆ ನೋಡಿಕೊಂಡಿದ್ದಾನೆ, ಅಕ್ಕ ಹೊಲಿಗೆ ಮಾಡುತ್ತಾಳೆ. ಅವಳು ಬ್ಲೌಸಿನ ಬಟ್ಟೆ ಕತ್ತರಿಸುವುದನ್ನು ನೀವು ನೋಡಬೇಕಿತ್ತು. ಗುರುತು ಹಾಕಿಕೊಳ್ಳುವ ಶಾಸ್ತ್ರವೇ ಇಲ್ಲ, ಬಾಯಲ್ಲಿ ಊರ ಸುದ್ದಿ, ಕೈಯಲ್ಲಿ ಕತ್ತರಿ, ಎರಡೂ ಒಂದೇ ಓಟದಲ್ಲಿ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ಆ ಕತ್ತರಿ ಕೈಯಿಂದ ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದವಳು ಏಳಲಿಲ್ಲ. ಪಾರ್ಶ್ವವಾಯು ಎಂದರು. ಜೀವಕ್ಕೆ ಅಪಾಯವಾಗಲಿಲ್ಲ, ಮಾತು ಬಂತು, ಕಾಲು ಬಂತು, ಕೊನೆಗೆ ಬಲಗೈಯೂ ಬಂತು, ಬೆರಳುಗಳನ್ನು ಹಿಂದೆ ಬಿಟ್ಟು. ಅದರಲ್ಲೂ ಹೆಬ್ಬೆರಳು ಯಾರ ಮಾತೂ ಕೇಳುತ್ತಿರಲಿಲ್ಲ. ವ್ಯಾಯಾಮ ಮಾಡಿಸುವವರು ಕಾರವಾರದಲ್ಲಿದ್ದುದರಿಂದ ಅವಳನ್ನು ಅಲ್ಲೇ ಕೋಡಿಬಾಗದಲ್ಲಿರುವ ನಮ್ಮ ಮನೆಗೇ ಕರೆತಂದೆ.

ವ್ಯಾಯಾಮದ ಡಾಕ್ಟರಮ್ಮ ಒಂದು ರಬ್ಬರ್ ಚೆಂಡು ಕೊಟ್ಟು, ದಿನವಿಡೀ ಅದುಮುತ್ತಿರಿ, ಮೊದಲ ಕೆಲವು ತಿಂಗಳು ಬಹಳ ಮುಖ್ಯ ಎಂದಿದ್ದರು. ಆ ಮಾತು ನನ್ನ ಎದೆಯಲ್ಲಿ ಮೀನಿನ ಮುಳ್ಳಿನಂತೆ ಸಿಕ್ಕಿಕೊಂಡಿತು. ಮುಖ್ಯವಾದ ತಿಂಗಳುಗಳು ಓಡುತ್ತಿವೆ, ಅಕ್ಕ ಚೆಂಡನ್ನು ಕಿಟಕಿಯ ಮೇಲಿಟ್ಟು ಟಿವಿ ನೋಡುತ್ತಿದ್ದಾಳೆ. ನಾನು ಕೇಳಿದರೆ ಸಿಟ್ಟು.

"ನಾನೆಂತ ಸಣ್ಣ ಹುಡುಗಿಯಾ ತಮಾ, ಚೆಂಡು ಹಿಡ್ಕಂಡು ಕೂತ್ಕಳ್ಳುಕೆ? ಅಂಕೋಲೆ ಮನೇಲಿ ಆ ಟಿವಿ ಗೇಮು ಇತ್ತಲ್ಲಾ, ಅದಾರೂ ಇದ್ರೆ ಆಡ್ತಿದ್ದೆ."

ಅವಳು ಬಾಯಿಗೆ ಬಂದದ್ದು ಅಂದಳು. ನಾನು ಅದನ್ನು ವೈದ್ಯರ ಚೀಟಿಯ ಹಾಗೆ ತೆಗೆದುಕೊಂಡೆ.

ಆ ಟಿವಿ ಗೇಮಿನ ಕತೆ ಹೇಳದಿದ್ದರೆ ನಿಮಗೆ ಮುಂದಿನದು ತಿಳಿಯುವುದಿಲ್ಲ. ಚಿಕ್ಕಂದಿನಲ್ಲಿ ನಾವು ಅಂಕೋಲೆಯಲ್ಲಿದ್ದಾಗ, ಮುಂಬಯಿಯಲ್ಲಿ ಕೆಲಸಕ್ಕಿದ್ದ ಮಾವ ಒಮ್ಮೆ ಗಣಪತಿ ಹಬ್ಬಕ್ಕೆ ಬರುವಾಗ ತಂದದ್ದು. ಒಂದು ಡಬ್ಬಿ, ಎರಡು ರಿಮೋಟು, ಹಳದಿ ಬಣ್ಣದ ಒಂದು ಕ್ಯಾಸೆಟ್ಟು. ಅದರೊಳಗಿನ ಒಂದು ಆಟದಲ್ಲಿ ಹಸಿರು ಅಂಗಿಯ ಹುಡುಗನೊಬ್ಬ ಹಳ್ಳ ಹಾರುತ್ತ ಓಡುತ್ತಲೇ ಇರುತ್ತಾನೆ, ಎಲ್ಲಿಗೆ ಎಂದು ನಮಗೆ ಯಾರೂ ಹೇಳಲಿಲ್ಲ. ಎಡ ಹೆಬ್ಬೆರಳಿನಲ್ಲಿ ಓಡಿಸುವುದು, ಬಲ ಹೆಬ್ಬೆರಳಿನಲ್ಲಿ ಹಾರಿಸುವುದು. ಅಕ್ಕ ನಾಲಿಗೆಯ ತುದಿ ಕಚ್ಚಿಕೊಂಡು ಕೂತಳೆಂದರೆ ಊಟಕ್ಕೆ ಕರೆದರೂ ಏಳುವವಳಲ್ಲ. ನನ್ನ ಸರದಿ ಬರುವುದು ಅವಳು ಬಚ್ಚಲಿಗೆ ಹೋದಾಗ, ಅವಳು ವಾಪಸು ಬರುವಷ್ಟರಲ್ಲಿ ನನ್ನ ಹುಡುಗರೆಲ್ಲ ಹಳ್ಳದಲ್ಲಿ. ಆ ಡಬ್ಬಿ ಸತ್ತದ್ದು ನಮ್ಮ ಅಮ್ಮನಿಂದ. ಸಮುದ್ರದ ಗಾಳಿಗೆ ಬೀಗ, ಕತ್ತಿ, ಸೈಕಲ್ ಚೈನು ಎಲ್ಲಕ್ಕೂ ಅವಳು ತೆಂಗಿನೆಣ್ಣೆ ಸವರುತ್ತಿದ್ದಳು. ಒಂದು ದಿನ ಕ್ಯಾಸೆಟ್ಟಿನ ತಾಮ್ರದ ಹಲ್ಲುಗಳು ಕಪ್ಪಾದದ್ದನ್ನು ನೋಡಿ ಅದಕ್ಕೂ ಧಾರಾಳವಾಗಿ ಸವರಿದಳು. ಇರುವೆಗಳಿಗೆ ಮಾತ್ರ ಪ್ರಯೋಜನವಾಯಿತು.

ಈಗ ಆ ಡಬ್ಬಿ ಎಲ್ಲೂ ಸಿಗುವುದಿಲ್ಲ. ಆದರೆ ಅಂಗೈಯಗಲದ ಪುಟ್ಟ ಕಂಪ್ಯೂಟರುಗಳು ಬಂದಿವೆಯಲ್ಲ, ಅವಕ್ಕೆ ಒಂದು ತಂತ್ರಾಂಶ ಹಾಕಿದರೆ ಹಳೆಯ ಡಬ್ಬಿಯ ವೇಷ ಕಟ್ಟಿ ಕುಣಿಯುತ್ತವೆ, ಹಳೆಯ ಆಟಗಳು ಮೋಸಹೋಗಿ ಅದರ ಮೇಲೆ ಓಡುತ್ತವೆ. ಇದನ್ನು ನಾನು ಅಂತರ್ಜಾಲದಲ್ಲಿ ಓದಿ ತಿಳಿದುಕೊಂಡೆ. ಕಂಪ್ಯೂಟರ್ ಎಂದರೆ ಕಚೇರಿಯಲ್ಲಿ ಅರ್ಜಿ ಮುದ್ರಿಸುವ ಪೆಟ್ಟಿಗೆ ಎಂದಷ್ಟೇ ತಿಳಿದವನು ನಾನು. ಆದರೂ ತಂತಿಯಿಲ್ಲದ ಆಟದ ರಿಮೋಟಿನ ಜೊತೆ ಒಂದನ್ನು ತರಿಸಿದೆ. ಆ ಕಂಪ್ಯೂಟರಿಗೆ ಹಾರ್ಡ್ ಡಿಸ್ಕು ಇಲ್ಲ, ಉಗುರಿನಷ್ಟು ದೊಡ್ಡ ಒಂದು ಮೆಮೊರಿ ಕಾರ್ಡಿನಲ್ಲೇ ಅದರ ಪ್ರಾಣ.

ಟಿವಿಗೆ ಜೋಡಿಸಿದಾಗ ಮೊದಲು ಪರದೆ ಕಪ್ಪಗೇ ಇತ್ತು. ಆಮೇಲೆ ಅದರಲ್ಲಿ ಇಂಗ್ಲಿಷ್ ಅಕ್ಷರಗಳು ಮಳೆ ಸುರಿದಂತೆ ಸುರಿದು ನಿಂತವು. ಮೊಬೈಲಿನ ಚಾರ್ಜರಿನ ಕರೆಂಟು ಅದಕ್ಕೆ ಸಾಲುವುದಿಲ್ಲವಂತೆ, ಬೇರೆ ಚಾರ್ಜರ್ ತಂದೆ. ರಿಮೋಟಿನ ಬಟನ್‌ಗಳು ತಲೆಕೆಳಗಾಗಿದ್ದವು, ಹಾರು ಎಂದರೆ ಆಟವೇ ಮುಚ್ಚಿಕೊಳ್ಳುತ್ತಿತ್ತು. ಒಂದೊಂದೇ ಸರಿಮಾಡಿದೆ. ಪ್ರತಿ ಸಂಜೆ ಕಚೇರಿಯಿಂದ ಬಂದು ಟಿವಿಯ ಹಿಂದೆ ತಲೆ ತೂರಿಸಿ ಕೂರುತ್ತಿದ್ದೆ, ಅಕ್ಕ ನನ್ನ ಬೆನ್ನು ನೋಡುತ್ತ ಕೂರುತ್ತಿದ್ದಳು. ಕೊನೆಗೊಂದು ಭಾನುವಾರ ಬೆಳಿಗ್ಗೆ ಹಸಿರು ಅಂಗಿಯ ಹುಡುಗ ಪರದೆಯ ಮೇಲೆ ಬಂದು ನಿಂತ. ಅಕ್ಕ "ಅಯ್ಯ, ಇಂವ ಇನ್ನೂ ಹಾಂಗೇ ಇದ್ನಲಾ!" ಎಂದು ನಕ್ಕಳು. ಅವಳು ಕಾಯಿಲೆ ಬಿದ್ದ ಮೇಲೆ ಹಾಗೆ ನಕ್ಕದ್ದು ಅದೇ ಮೊದಲು. ನನಗೆ ಅಳು ಬಂತು, ವೈರು ಹುಡುಕುವ ನೆವದಲ್ಲಿ ಟಿವಿಯ ಹಿಂದೆ ಹೋದೆ.

ರಿಮೋಟನ್ನು ಅವಳ ಮಡಿಲಲ್ಲಿಟ್ಟು, ಬಲ ಹೆಬ್ಬೆರಳನ್ನು ನಾನೇ ಎತ್ತಿ ಬಟನ್ ಮೇಲೆ ಕೂರಿಸಿದೆ. ಹುಡುಗ ಓಡಿದ. ಮೊದಲ ಹಳ್ಳ ಬಂತು. ಹುಡುಗ ಸೀದಾ ಅದರೊಳಗೆ ಹೋದ, ಹೋದ ಮೇಲೆ ಒಳಗೇ ಒಂದು ಸಲ ಹಾರಿದ.

"ನಾ ಒತ್ತಿದ್ನಲಾ ತಮಾ! ಇದೇ ಹಾರ್ಲಿಲ್ಲ."

ನನ್ನ ನಿಜವಾದ ಪೀಕಲಾಟ ಶುರುವಾದದ್ದು ಇಲ್ಲಿಂದ. ಅವಳು ಒತ್ತಿದ್ದೇ ತಡವೋ, ಒತ್ತಿದ ಮೇಲೆ ಯಂತ್ರ ಹಾರಿಸಿದ್ದು ತಡವೋ? ಯಂತ್ರದ್ದಾದರೆ ಸರಿಪಡಿಸಬಹುದು. ಬೆರಳಿನದಾದರೆ? ಇಂಥ ಯಂತ್ರಗಳಲ್ಲಿ ಒತ್ತುವುದಕ್ಕೂ ಹಾರುವುದಕ್ಕೂ ನಡುವೆ ಸ್ವಲ್ಪ ತಡವಾಗುವುದು ಮಾಮೂಲಂತೆ. ಯಾವ ಯಾವ ದೇಶದ ಗಡ್ಡಬಿಟ್ಟ ಗಂಡಸರೋ ರೆಪ್ಪೆ ಬಡಿಯುವಷ್ಟೂ ಇಲ್ಲದ ಆ ತಡದ ಬಗ್ಗೆ ಪುಟಗಟ್ಟಲೆ ಜಗಳವಾಡಿದ್ದನ್ನು ನಾನು ಭಕ್ತಿಯಿಂದ ಓದಿದೆ. ಅವರಿಗೆಲ್ಲ ಯಂತ್ರದ ತಪ್ಪು ಇಲ್ಲವಾಗಬೇಕಿತ್ತು. ನನಗೊಬ್ಬನಿಗೆ ತಪ್ಪು ಯಂತ್ರದ್ದೇ ಆಗಿರಬೇಕಿತ್ತು.

ಪರೀಕ್ಷೆಗೆಂದು ನಾನೇ ಆಡಿದೆ. ಮೊದಲ ಹಳ್ಳಕ್ಕೇ ಬಿದ್ದೆ. ಜನ್ಮದಲ್ಲಿ ಬಿದ್ದು ಅಷ್ಟು ಸಂತೋಷಪಟ್ಟದ್ದಿಲ್ಲ. ಆದರೆ ಮರುಕ್ಷಣವೇ ನೆನಪಾಯಿತು, ನಾನು ಚಿಕ್ಕಂದಿನಿಂದಲೂ ಬೀಳುವವನೇ. ಶೈಲಾಳನ್ನು ಕರೆದು ಆಡಿಸಿದೆ. ಅವಳು ಹಳ್ಳದವರೆಗೂ ಹೋಗಲಿಲ್ಲ, ಹುಡುಗನನ್ನು ಹಿಂದಕ್ಕೆ ಓಡಿಸಿ ಗೋಡೆಗೆ ಗುದ್ದಿಸುತ್ತ ನಿಂತಳು. ಇದರಿಂದಲೂ ಏನೂ ಸಾಬೀತಾಗಲಿಲ್ಲ.

ತಂತಿಯಿಲ್ಲದ ರಿಮೋಟು ಬಿಟ್ಟು ತಂತಿಯದನ್ನು ಹಾಕಿದೆ. ಆಟದ ಸೆಟ್ಟಿಂಗುಗಳನ್ನು ಒಂದೊಂದಾಗಿ ಕೆದಕಿದೆ. ಕೊನೆಗೆ ಕಳ್ಳ ಸಿಕ್ಕಿದ್ದು ಟಿವಿಯಲ್ಲಿ. ನಮ್ಮ ಹೊಸ ಟಿವಿ ಬಂದ ಚಿತ್ರವನ್ನು ಬಂದ ಹಾಗೇ ತೋರಿಸುವುದಿಲ್ಲ, ಪೌಡರು ಬಳಿದು ನುಣುಪು ಮಾಡಿ ಆಮೇಲೆ ತೋರಿಸುತ್ತದೆ. ಆ ಅಲಂಕಾರಕ್ಕೆ ಹೊತ್ತು ಹಿಡಿಯುತ್ತದೆ. ಟಿವಿಯ ಮೆನುವಿನಲ್ಲಿ ಅದನ್ನು ಬಂದ್ ಮಾಡಿದೆ. ಅಕ್ಕ ಒಳಗೆ ಮಲಗಿದ್ದಳು. ಆಡಿ ನೋಡಿದೆ. ನಾನು ಒತ್ತಿದ ಕ್ಷಣಕ್ಕೇ ಹುಡುಗ ಹಾರಿದ. ಮೊದಲ ಹಳ್ಳ ದಾಟಿದೆ, ಎರಡನೆಯದು ದಾಟಿದೆ, ಮೂರನೆಯದನ್ನೂ ದಾಟಿದೆ.

ಇನ್ನು ಮುಂದೆ ಅಕ್ಕ ಬಿದ್ದರೆ ತಪ್ಪನ್ನು ಯಂತ್ರದ ಮೇಲೆ ಹಾಕುವ ಹಾಗಿಲ್ಲ. ಟಿವಿಯ ಅಲಂಕಾರವನ್ನು ಮತ್ತೆ ಚಾಲೂ ಮಾಡಿಬಿಡಲೇ ಎನ್ನಿಸಿತು. ಪಾಪ, ಯಂತ್ರವನ್ನು ಬೈದುಕೊಂಡಾದರೂ ಆಡುತ್ತಿರಲಿ. ಕೈಯಲ್ಲಿ ಟಿವಿ ರಿಮೋಟು ಹಿಡಿದು ನಿಂತಿದ್ದಾಗ ಶೈಲಾ ಬಂದಳು. ಅವಳಿಗೆ ನನ್ನ ಮುಖ ನೋಡಿದರೆ ಸಾಕು.

"ಸರಿ ಆದದ್ದನ್ನ ಮತ್ತೆ ಯಾಕೆ ಕೆಡಸ್ತ್ರಿ? ಅವರಿಗೆ ಗೊತ್ತಾಗುದಿಲ್ಲ ಅಂದ್ಕಂಡ್ರಾ? ಬೆರಳು ಅವರದು" ಎಂದಳು. ನಾನು ರಿಮೋಟು ಕೆಳಗಿಟ್ಟೆ.

ಸಂಜೆ ಅಕ್ಕ ಆಡಿದಳು. ಹುಡುಗ ಹಳ್ಳಕ್ಕೆ ಬಿದ್ದ. ಮತ್ತೆ ಆಡಿದಳು, ಮತ್ತೆ ಬಿದ್ದ. ನಾನು ಪರದೆ ನೋಡುವುದನ್ನು ಬಿಟ್ಟು ಅವಳ ಹೆಬ್ಬೆರಳನ್ನೇ ನೋಡುತ್ತಿದ್ದೆ. ಅದಕ್ಕೆ ಸುದ್ದಿ ತಲುಪುತ್ತಿತ್ತು, ಬಹಳ ದೂರದಿಂದ ತಲುಪುತ್ತಿತ್ತು.

"ಮಿಷಿನ್ ಸರಿ ಆಯ್ತಾ ತಮಾ?"

"ಆಯ್ತು."

"ಹಾಂಗಾರೆ ಉಳ್ದದ್ದು ನಂದೇ."

ಅಷ್ಟೇ ಹೇಳಿ, ರಿಮೋಟನ್ನು ಮೆಲ್ಲಗೆ ಪಕ್ಕಕ್ಕಿಟ್ಟು, ಎದ್ದು ಹೋಗಿ ಶೈಲಾಳ ಹತ್ತಿರ ಎಡಗೈಯಲ್ಲಿ ಬೆಳ್ಳುಳ್ಳಿ ಸುಲಿಯುತ್ತ ಕೂತಳು. ಅಂದು ಬಂಗಡೆ ಮೀನಿನ ಸಾರಿತ್ತು, ನಾನು ಮುಳ್ಳು ಬಿಡಿಸುತ್ತಲೇ ಕೂತೆ. ಅವಳಿಗೆ ಖುಷಿ ಕೊಡಲು ಹೋಗಿ ಅವಳ ಬೆರಳಿನ ಸೋಲನ್ನು ದೊಡ್ಡ ಪರದೆಯ ಮೇಲೆ ತೋರಿಸಿದ ಹಾಗಾಯಿತಲ್ಲ ಎಂದು ಬೇಸರವಾಯಿತು.

ಕೆಲವು ದಿನ ಯಾರೂ ಆ ಡಬ್ಬಿಯ ಹೆಸರೆತ್ತಲಿಲ್ಲ. ಆಮೇಲೆ ಶೈಲಾ ಗುಟ್ಟಾಗಿ ಹೇಳಿದಳು, ನಾನು ಕಚೇರಿಗೆ ಹೋದ ಮೇಲೆ ಅಕ್ಕ ಆಡುತ್ತಾಳೆಂದು, ಬೀಳುತ್ತಾಳೆಂದು, ಬೈಯುತ್ತಾಳೆಂದು, ಮತ್ತೆ ಆಡುತ್ತಾಳೆಂದು. ನಾನು ಗೊತ್ತಿಲ್ಲದವನಂತೆ ಇದ್ದೆ. ಕಚೇರಿಯಲ್ಲಿ ಕೂತು, ಈಗ ಬಿದ್ದಿರಬಹುದು, ಈಗ ರಿಮೋಟು ಎಸೆದಿರಬಹುದು ಎಂದು ಕಳವಳಪಡುತ್ತಿದ್ದೆ.

ಮೇ ತಿಂಗಳ ಕೊನೆಯ ಒಂದು ಶನಿವಾರ. ಮಧ್ಯಾಹ್ನದ ಸೆಖೆ ತಡೆಯಲಾರದಷ್ಟಿತ್ತು, ಸಂಜೆಯಾಗುತ್ತಲೇ ಗುಡ್ಡದ ಕಡೆಯಿಂದ ಮೋಡ ಏರಿತು. ಅಕ್ಕ ಒಳಗೆ ಆಡುತ್ತಿದ್ದಳು, ನಾನು ಅಂಗಳದಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಒಮ್ಮೆಲೇ ಗುಡುಗಿತು. ನಮ್ಮ ಕಡೆಯವರ ಸ್ವಭಾವ ನಿಮಗೆ ಗೊತ್ತಿರಬೇಕು. ಗುಡುಗು ಕೇಳಿದರೆ ಮೊದಲು ಪ್ಲಗ್ಗು, ಆಮೇಲೆ ಹಪ್ಪಳ, ಆಮೇಲೆ ಮಕ್ಕಳುಮರಿ. ಸಿಡಿಲಿಗೆ ಟಿವಿ ಸುಡಿಸಿಕೊಳ್ಳದ ಮನೆಯೇ ಇಲ್ಲವಾದ್ದರಿಂದ ನಾವು ಯೋಚಿಸುವುದಿಲ್ಲ, ಓಡಿಹೋಗಿ ಕೀಳುತ್ತೇವೆ. ಆದರೆ ಈ ಪುಟ್ಟ ಕಂಪ್ಯೂಟರನ್ನು ಮೆನುವಿಗೆ ಹೋಗಿ, ಕ್ರಮವಾಗಿ ಆರಿಸಿ, ಆಮೇಲೆ ಕೀಳಬೇಕು. ಓಡುತ್ತಿರುವಾಗಲೇ ಕಿತ್ತರೆ ಕಾರ್ಡು ಕೆಟ್ಟುಹೋಗಬಹುದು. ಬಟ್ಟೆ ಅಂಗಳದಲ್ಲೇ ಬಿಸಾಡಿ, "ಅಕ್ಕಾ, ಕೀಳಬೇಡ್ವೇ, ಕೀಳಬೇಡ!" ಎಂದು ಕೂಗುತ್ತ ಒಳಗೆ ಓಡಿದೆ.

ಕಿತ್ತಾಗಿತ್ತು. ಪರದೆ ಕಪ್ಪು. ಅಕ್ಕ ಗೋಡೆಯ ಬಳಿ ನಿಂತಿದ್ದಳು.

"ಎಷ್ಟು ಸಲ ಹೇಳಿದ್ದೆ! ಕಾರ್ಡು ಹೋಯ್ತು! ಎಲ್ಲಾ ಮೊದಲಿಂದ ಹಾಕ್ಬೇಕು ಇನ್ನು!" ಎಂದು ಅರಚಿದೆ.

"ಸಿಡ್ಲು ಬಡ್ದ್ರೆ ಟಿವಿ ಉಳಿತಿತ್ತನಾ? ಬಂದಾ ದೊಡ್ಡ ಇಂಜಿನಿಯರು!" ಎಂದು ಅವಳೂ ಕಿರುಚಿ, ಕೈಯಲ್ಲಿದ್ದ ಪ್ಲಗ್ಗನ್ನು ನನ್ನ ಮೂಗಿನ ಮುಂದೆ ಅಲ್ಲಾಡಿಸಿದಳು.

ನಾನು ಪ್ಲಗ್ಗು ನೋಡಿದೆ. ಅದು ಅವಳ ಬಲಗೈಯಲ್ಲಿತ್ತು. ಎರಡು ಬೆರಳು ಒಂದು ಕಡೆ, ಹೆಬ್ಬೆರಳು ಇನ್ನೊಂದು ಕಡೆ, ನಡುವೆ ಬಿಗಿಯಾಗಿ ಆ ಕಪ್ಪು ಪ್ಲಗ್ಗು. ನನ್ನ ಮಾತು ನಿಂತದ್ದು ನೋಡಿ ಅವಳೂ ಅತ್ತ ನೋಡಿದಳು. ನೋಡಿದ್ದೇ ತಡ ಬೆರಳು ಸಡಿಲಾಗಿ ಪ್ಲಗ್ಗು ನೆಲಕ್ಕೆ ಬಿತ್ತು. ಎತ್ತಿಕೊಟ್ಟು, "ಮತ್ತೆ ಹಿಡಿ" ಎಂದೆ. ಹಿಡಿಯಲು ಹೋದರೆ ಹೆಬ್ಬೆರಳು ಬರಲೊಲ್ಲದು. ಹೊರಗೆ ಮಳೆ ಶುರುವಾಗಿತ್ತು, ಒಗೆದ ಬಟ್ಟೆಯೆಲ್ಲ ನೆನೆಯುತ್ತಿತ್ತು. ಶೈಲಾ ಕೂಡ ಅದನ್ನು ಬಿಟ್ಟು ನಮ್ಮ ಜೊತೆ ಆ ಪ್ಲಗ್ಗನ್ನೇ ನೋಡುತ್ತ ನಿಂತಳು.

ಡಾಕ್ಟರಮ್ಮನಿಗೆ ಹೇಳಿದಾಗ ಅವರು ನಕ್ಕರು. ಮನಸ್ಸು ಕಾವಲು ಕೂರದಿದ್ದಾಗ ಕೈ ಮೊದಲು ಹಾಗೆ ತಪ್ಪಿಸಿಕೊಂಡು ಬರುತ್ತದಂತೆ. ಒಳ್ಳೆಯ ಲಕ್ಷಣ, ಆದರೆ ಅವಸರ ಮಾಡಬೇಡಿ ಎಂದರು. ಅವಸರ ಮಾಡಬೇಡಿ ಎಂದು ನನ್ನಂಥವನಿಗೆ ಹೇಳಿದರೆ ಏನು ಪ್ರಯೋಜನ? ಅಂದಿನಿಂದ ನಾನು ಗುಡುಗಿಗಾಗಿ ಕಾಯತೊಡಗಿದೆ.

ಈಗ ಅಕ್ಕ ಹಾರವಾಡದಲ್ಲಿ ತನ್ನ ಮನೆಯಲ್ಲಿದ್ದಾಳೆ, ಡಬ್ಬಿಯೂ ಅವಳ ಜೊತೆ ಹೋಗಿದೆ. ದಿಂಬಿನ ಚೀಲ, ಲಂಗ, ನೇರ ಕತ್ತರಿಸುವುದೆಲ್ಲ ಮಾಡುತ್ತಾಳೆ. ಬ್ಲೌಸಿನ ಕಂಕುಳ ತಿರುವು ಇನ್ನೂ ಬಂದಿಲ್ಲ, ಬರುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಆಟದಲ್ಲಿ ಹಳ್ಳ ಇನ್ನೂ ದೂರವಿರುವಾಗಲೇ ಬಟನ್ ಒತ್ತುತ್ತಾಳೆ, ಒಮ್ಮೊಮ್ಮೆ ದಾಟುತ್ತಾಳೆ. ಕ್ರಮವಾಗಿ ಆರಿಸುವುದನ್ನು ಹೇಳಿಕೊಟ್ಟು ಹೇಳಿಕೊಟ್ಟು ನಾನೇ ಸೋತೆ. ನನ್ನ ಕಪಾಟಿನಲ್ಲಿ ಆಟ ತುಂಬಿದ ಕಾರ್ಡುಗಳನ್ನು ಸಿದ್ಧವಾಗಿಟ್ಟುಕೊಂಡಿರುತ್ತೇನೆ, ಕೆಟ್ಟಾಗಲೆಲ್ಲ ಒಂದನ್ನು ಬಸ್ಸಿನಲ್ಲಿ ಒಯ್ದು ಹಾಕಿ ಬರುತ್ತೇನೆ.

ನಿನ್ನೆ ಸಂಜೆ ಅಂಕೋಲೆ ಕಡೆ ಗುಡುಗಿತ್ತು. ಸ್ವಲ್ಪ ಹೊತ್ತಿಗೆ ಫೋನು ಬಂತು.

"ತಮಾ, ನಿನ್ನ ಡಬ್ಬಿ ಮತ್ತೆ ಸತ್ತೋಯ್ತು. ಗುಡುಗ್ತು, ಕಿತ್ತೆ."

"ಯಾವ ಕೈಲಿ ಕಿತ್ತೆ?"

"ಎಂತಾ ಕೇಳ್ತ್ಯಾ ಮಾರಾಯಾ, ಫೋನ್ ಎಡಗೈಲಿ ಅದೆ. ಪ್ಲಗ್ಗು ಇನ್ನೂ ಕೈಲೇ ಅದೆ, ಬಿಡ್ಲೇ ಇಲ್ಲ ನಾನು."